ಪೈಥಾನ್ ಡಾಕ್‌ಸ್ಟ್ರಿಂಗ್‌ಗಳನ್ನೆಲ್ಲ ಒಂದೇ ಟೂಲಿನಿಂದ ಫಾರ್ಮ್ಯಾಟ್ ಮಾಡಿಸಬಹುದಾ? ಅರ್ಧ ಕನ್ನಡದಲ್ಲಿವೆ

ನೀವು ಕೇಳಿರುವುದು ಇಷ್ಟು: ಮಂಡ್ಯದಲ್ಲಿ ನಾಲೆ ನೀರಿನ ಲೆಕ್ಕದ ಪೈಥಾನ್ ಪ್ರಾಜೆಕ್ಟ್ ನಡೆಯುತ್ತಿದೆ, ನಾಲ್ಕು ಜನ ನಾಲ್ಕು ಥರ ಡಾಕ್‌ಸ್ಟ್ರಿಂಗ್ (ಕೋಡಿನ ಒಳಗೇ ಬರೆಯುವ ವಿವರಣೆ) ಬರೆದಿದ್ದಾರೆ, ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಎಲ್ಲವನ್ನೂ ತಾನಾಗಿ ಒಂದೇ ಅಚ್ಚಿಗೆ ತರಬಹುದಾ?

ತರಬಹುದು. ಆದರೆ ಸಾಲು ಮುರಿಯುವ ಕೆಲಸವನ್ನು ಮಾತ್ರ ಟೂಲಿಗೆ ಕೊಡಬೇಡಿ. ಇಂಡೆಂಟ್, ಕೋಟ್ ಗುರುತು, ಖಾಲಿ ಸಾಲು, ಉದಾಹರಣೆಯ ಕೋಡ್ ಇವನ್ನು ಧೈರ್ಯವಾಗಿ ಒಪ್ಪಿಸಿ.

ಅದಕ್ಕೆ ರಫ್ (ಪೈಥಾನ್ ಕೋಡನ್ನು ಅಚ್ಚುಕಟ್ಟು ಮಾಡುವ, ತಪ್ಪು ಹುಡುಕುವ ಟೂಲ್) ಸಾಕು. ರಫ್ ಫಾರ್ಮ್ಯಾಟ್ ಓಡಿಸಿದರೆ ಇಂಡೆಂಟ್ ಸರಿಹೋಗುತ್ತದೆ, ಸಾಲಿನ ಕೊನೆಯಲ್ಲಿ ಉಳಿದ ಸ್ಪೇಸ್ ಅಳಿಸಿಹೋಗುತ್ತದೆ. ಒಳಗಿನ ಉದಾಹರಣೆ ಕೋಡನ್ನು ಅದು ತಾನಾಗಿ ಮುಟ್ಟುವುದಿಲ್ಲ. ಅದೂ ಆಗಬೇಕಾದರೆ ಪ್ರಾಜೆಕ್ಟಿನ ಸೆಟ್ಟಿಂಗ್ ಇರುವ ಪೈಪ್ರಾಜೆಕ್ಟ್ ಟಾಮ್ಲ್ ಫೈಲಿನಲ್ಲಿ ರಫ್‌ನ ಫಾರ್ಮ್ಯಾಟ್ ವಿಭಾಗದಲ್ಲಿ ಡಾಕ್‌ಸ್ಟ್ರಿಂಗ್-ಕೋಡ್-ಫಾರ್ಮ್ಯಾಟ್ ಎಂಬುದನ್ನು ಟ್ರೂ ಮಾಡಬೇಕು. ಆಗ ಡಾಕ್‌ಟೆಸ್ಟ್‌ನ (ಉದಾಹರಣೆಯನ್ನು ಓಡಿಸಿ ಉತ್ತರ ಸರಿಯೇ ಅಂತ ನೋಡುವ ಪೈಥಾನ್ ಟೂಲ್) ಮೂರು ಬಾಣದ (>>>) ಸಾಲುಗಳು ಸರಿಯಾಗುತ್ತವೆ, ಕೆಳಗಿನ ಔಟ್‌ಪುಟ್ ಸಾಲು ಇದ್ದ ಹಾಗೇ ಇರುತ್ತದೆ. ಉದಾಹರಣೆಯಲ್ಲಿ ಸಿಂಟ್ಯಾಕ್ಸ್ ತಪ್ಪಿದ್ದರೆ ಆ ತುಂಡನ್ನು ಹಾಗೇ ಬಿಟ್ಟು ಮುಂದೆ ಹೋಗುತ್ತದೆ, ಹಾಗಾಗಿ ಡಾಕ್‌ಟೆಸ್ಟನ್ನು ಬೇರೆಯಾಗಿ ಓಡಿಸಲೇಬೇಕು.

ಶೈಲಿಗೆ ರಫ್‌ನದೇ ಲಿಂಟ್‌ನ (ತಪ್ಪು ಹುಡುಕುವ ಭಾಗದ) ಡಿ ನಿಯಮಗಳಿವೆ. ಎಲ್ಲವನ್ನೂ ಒಟ್ಟಿಗೆ ಆನ್ ಮಾಡಿದರೆ ಡಿ212ಕ್ಕೂ ಡಿ213ಕ್ಕೂ ಜಗಳ: ಸಾರಾಂಶ ಕೋಟ್ ಪಕ್ಕದಲ್ಲೇ ಶುರುವಾಗಲಿ ಅನ್ನುತ್ತದೆ ಒಂದು, ಮುಂದಿನ ಸಾಲಿನಲ್ಲಿ ಅನ್ನುತ್ತದೆ ಇನ್ನೊಂದು. ಕನ್ವೆನ್ಷನ್ ಗೂಗಲ್ ಅಂತ ಒಂದು ಸಾಲು ಬರೆದರೆ ಡಿ213 ಆಫ್ ಆಗುತ್ತದೆ.

ಇನ್ನು ಸಾಲು ಮುರಿಯುವ ವಿಷಯ. ಡಾಕ್‌ಫಾರ್ಮ್ಯಾಟರ್ ಎಂಬ ಇನ್ನೊಂದು ಟೂಲ್ ಹಾಕಿಕೊಂಡರೆ ಅದು ಸಾರಾಂಶದ ಸಾಲನ್ನು 79 ಅಕ್ಷರಕ್ಕೆ, ವಿವರಣೆಯದ್ದನ್ನು 72ಕ್ಕೆ ಮುರಿಯುತ್ತದೆ. ಪಟ್ಟಿಯೋ ಟೇಬಲ್ಲೋ ಪ್ಯಾರಾವೋ ಎಂಬುದನ್ನು ಅದು ಅಂದಾಜಿನಲ್ಲಿ ತೀರ್ಮಾನಿಸುತ್ತದೆ. ಕೆ.ಆರ್.ಎಸ್. ಮಟ್ಟ 124.80 ಅಡಿ, ಸಂಗ್ರಹ 49.452 ಟಿಎಂಸಿ ಎಂದು ಕಾಲಮ್ ಜೋಡಿಸಿ ಸಾಲುಸಾಲಾಗಿ ಬರೆದಿದ್ದೀರಿ ಅಂದುಕೊಳ್ಳಿ. ಅಂದಾಜು ತಪ್ಪಿದರೆ ಸಾಲುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು, ಯಾವ ಅಡಿಗೆ ಯಾವ ಟಿಎಂಸಿ ಅಂತ ಗೊತ್ತಾಗದ ಹಾಗೆ ಆಗುತ್ತದೆ. ಕೋಡ್ ಮಾತ್ರ ಓಡುತ್ತಲೇ ಇರುತ್ತದೆ, ಹಾಗಾಗಿ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಕನ್ನಡದ್ದು ಬೇರೆಯೇ ತೊಂದರೆ. "ನೀರಿನ ಮಟ್ಟ" ಕಣ್ಣಿಗೆ ಐದು ಅಕ್ಷರ, ಒಂದು ಸ್ಪೇಸ್. ಉದ್ದ ಎಣಿಸುವ ಪೈಥಾನಿನ ಲೆನ್ ಕೋಡ್‌ಪಾಯಿಂಟ್ ಲೆಕ್ಕದಲ್ಲಿ, ಅಂದರೆ ಅಕ್ಷರ, ಸ್ವರಚಿಹ್ನೆ, ವಿರಾಮ ಚಿಹ್ನೆ (್) ಎಲ್ಲವನ್ನೂ ಬೇರೆಬೇರೆ ಎಣಿಸಿ, 10 ಅನ್ನುತ್ತದೆ, ಯುಟಿಎಫ್-8ರಲ್ಲಿ 28 ಬೈಟ್. ಕೋಡ್‌ಪಾಯಿಂಟ್ ಎಣಿಸುವ ಟೂಲಿನ ಕೈಗೆ ಸಿಕ್ಕರೆ ಕನ್ನಡದ ಪ್ಯಾರಾ ಇಂಗ್ಲಿಷಿನದಕ್ಕಿಂತ ಗಿಡ್ಡ ಸಾಲುಗಳಾಗುತ್ತದೆ. ಇನ್ನೂ ತಮಾಷೆ ಪೂರ್ಣವಿರಾಮದ್ದು: ಸಾರಾಂಶದ ಕೊನೆಯಲ್ಲಿ ಅಕ್ಷರವೋ ಅಂಕಿಯೋ ಇದ್ದರೆ ಡಾಕ್‌ಫಾರ್ಮ್ಯಾಟರ್ ಚುಕ್ಕಿ ಸೇರಿಸುತ್ತದೆ. "ಮಟ್ಟ" ಅಂತ ಮುಗಿದರೆ ಚುಕ್ಕಿ ಬೀಳುತ್ತದೆ. "ಕೊಡುತ್ತದೆ" ಅಂತ ಮುಗಿದರೆ ಇಲ್ಲ, ಯಾಕೆಂದರೆ ಕೊನೆಯ ಎತ್ವದ ಚಿಹ್ನೆ ಪೈಥಾನಿನ ಇಸ್‌ಆಲ್ನಮ್ ಲೆಕ್ಕದಲ್ಲಿ ಅಕ್ಷರವೇ ಅಲ್ಲ. ಕನ್ನಡದ ಸಾರಾಂಶಕ್ಕೆ ಚುಕ್ಕಿಯನ್ನು ನೀವೇ ಇಟ್ಟುಬಿಡಿ. ಆ ಟೂಲ್ ಬೇಕೇ ಬೇಕು ಅಂದರೆ ರ‍್ಯಾಪ್-ಸಮರೀಸ್, ರ‍್ಯಾಪ್-ಡಿಸ್ಕ್ರಿಪ್ಷನ್ಸ್ ಎರಡನ್ನೂ 0 ಮಾಡಿ.

ಡಾಕ್‌ಸ್ಟ್ರಿಂಗ್ ಬರೀ ಕಾಮೆಂಟ್ ಅಲ್ಲ, ಪ್ರೋಗ್ರಾಮ್ ಓಡುವಾಗಲೂ ಇರುವ ಸ್ಟ್ರಿಂಗ್ ಅನ್ನುವುದು ನೆನಪಿರಲಿ. ಆರ್ಗ್‌ಪಾರ್ಸ್‌ನ (ಕಮಾಂಡ್ ಸಾಲಿನ ಆಯ್ಕೆಗಳನ್ನು ಓದುವ ಪೈಥಾನ್ ಲೈಬ್ರರಿ) ಹೆಲ್ಪ್‌ಗೆ ಅದನ್ನೇ ಕೊಟ್ಟಿದ್ದರೆ ಬಳಸುವವರ ಪರದೆಯೂ ಬದಲಾಗಬಹುದು. ಡಾಕ್‌ಸ್ಟ್ರಿಂಗ್‌ನಿಂದ ದಾಖಲೆ ಪುಟ ಮಾಡುವ ಸ್ಫಿಂಕ್ಸ್ ಇದ್ದರೆ ದೊಡ್ಡಕ್ಷರದ ಡಬ್ಲ್ಯೂ ಫ್ಲ್ಯಾಗ್ (-W) ಹಾಕಿ ಬಿಲ್ಡ್ ಮಾಡಿ; ಎಚ್ಚರಿಕೆಗಳೆಲ್ಲ ಎರರ್ ಆಗಿ, ಇಂಡೆಂಟ್ ಕೆಟ್ಟ ಜಾಗ ತಾನೇ ಸಿಕ್ಕಿಬೀಳುತ್ತದೆ.

ಮೊದಲ ಸಲ ಇಡೀ ರೆಪೋ ಫಾರ್ಮ್ಯಾಟ್ ಮಾಡಿದ್ದನ್ನು ಬೇರೆ ಯಾವ ಬದಲಾವಣೆಯೂ ಇಲ್ಲದ ಒಂದೇ ಕಮಿಟ್ ಮಾಡಿ. ಅದರ ಪೂರ್ತಿ ಹ್ಯಾಶನ್ನು ಒಂದು ಇಗ್ನೋರ್-ರೆವ್ಸ್ ಫೈಲಿನಲ್ಲಿ ಬರೆದು, ಗಿಟ್ ಕಾನ್ಫಿಗ್‌ನ ಬ್ಲೇಮ್ ಇಗ್ನೋರ್‌ರೆವ್ಸ್‌ಫೈಲ್‌ಗೆ ಅದರ ಹೆಸರು ಕೊಡಿ. ಗಿಟ್ 2.23ರಿಂದ ಈಚೆಗೆ ಈ ಸೌಲಭ್ಯವಿದೆ. ಇಲ್ಲದಿದ್ದರೆ ಯಾವ ಸಾಲು ಯಾರು ಬರೆದದ್ದು ಅಂತ ತೋರಿಸುವ ಬ್ಲೇಮ್ ನೋಡಿದಾಗಲೆಲ್ಲ ಫಾರ್ಮ್ಯಾಟ್ ಮಾಡಿದವರ ಹೆಸರೇ ಬರುತ್ತದೆ. ಈ ಕಾನ್ಫಿಗ್ ಕ್ಲೋನ್ ಜೊತೆ ಬರುವುದಿಲ್ಲ, ನಾಲ್ವರೂ ತಂತಮ್ಮ ಮೆಷೀನಿನಲ್ಲಿ ಮಾಡಬೇಕು. ಪ್ರಿ-ಕಮಿಟ್‌ನಲ್ಲಿ (ಪ್ರತಿ ಕಮಿಟ್‌ಗೆ ಮುಂಚೆ ಹುಕ್ ಎಂಬ ತಪಾಸಣೆಗಳನ್ನು ಓಡಿಸುವ ಟೂಲ್) ರಫ್‌ನ ಆವೃತ್ತಿಯನ್ನು ಪಿನ್ ಮಾಡಿ, ಅಂದರೆ ಒಂದೇ ಆವೃತ್ತಿಗೆ ಕಟ್ಟಿಹಾಕಿ. ಹುಕ್ ಫೈಲನ್ನು ತಿದ್ದಿದರೆ ಕಮಿಟ್ ನಿಲ್ಲುತ್ತದೆ. ಅದು ಎರರ್ ಅಲ್ಲ, ಮತ್ತೆ ಆ್ಯಡ್ ಮಾಡಿ ಕಮಿಟ್ ಕೊಟ್ಟರಾಯಿತು.