ದೃಢೀಕರಣ ಸಂಸ್ಕಾರಕ್ಕೆ ತಯಾರಿ ಎಂದರೆ ಬರೀ ಬಾಯಿಪಾಠವೇ?

ಮಗಳು ಎಂಟನೇ ಕ್ಲಾಸು, ದೃಢೀಕರಣಕ್ಕೆ (ಕಥೋಲಿಕರು ಪವಿತ್ರಾತ್ಮರ ವರ ಪಡೆದು ವಿಶ್ವಾಸದಲ್ಲಿ ಗಟ್ಟಿಯಾಗುವ ಸಂಸ್ಕಾರ) ತಯಾರಿ ಎಂದರೆ ಪ್ರಾರ್ಥನೆ ಒಪ್ಪಿಸುವುದಷ್ಟೇನಾ ಎಂದು ಕೇಳಿದ್ದೀರಿ. ಅಲ್ಲ. ಜ್ಞಾನಸ್ನಾನದಲ್ಲಿ (ಬ್ಯಾಪ್ಟಿಸಂ) ತಂದೆತಾಯಿ ಅವಳ ಪರವಾಗಿ ಕೊಟ್ಟ ಮಾತನ್ನು ಈಗ ಅವಳೇ ತನ್ನ ಬಾಯಿಂದ ಹೇಳುತ್ತಾಳೆ. ಸಾಮಾನ್ಯವಾಗಿ ಬಿಷಪ್ಪರೇ ಬಂದು ಹಣೆಗೆ ಪವಿತ್ರ ತೈಲ ಹಚ್ಚುತ್ತಾರೆ; ನಿಮ್ಮ ಕೊಡಗಿನ ಚರ್ಚುಗಳು ಮೈಸೂರು ಧರ್ಮಪ್ರಾಂತ್ಯಕ್ಕೆ, ಅಂದರೆ ಮೈಸೂರು ಬಿಷಪ್ಪರ ಆಡಳಿತಕ್ಕೆ, ಸೇರಿದವು.

ವಿಶ್ವಾಸ ಪ್ರಮಾಣ, ಪವಿತ್ರಾತ್ಮರ ಏಳು ವರಗಳು, ಪಾಪನಿವೇದನೆ ಇವೆಲ್ಲ ಕಲಿಯಬೇಕು, ನಿಜ. ಆದರೆ ‘ಧೈರ್ಯ’ ಎಂಬ ವರವನ್ನು ಪಟ್ಟಿಯಲ್ಲಿ ಹೇಳಿಸಿದರೆ ಮಗುವಿಗೆ ಏನೂ ದಕ್ಕುವುದಿಲ್ಲ. ಶಾಲೆಯಲ್ಲಿ ಎಲ್ಲರೂ ಒಬ್ಬಳನ್ನು ಗೇಲಿ ಮಾಡುವಾಗ ನೀನೇನು ಮಾಡಿದೆ ಎಂದು ಕೇಳಿ ನೋಡಿ, ಮಾತು ತಾನಾಗಿ ಶುರುವಾಗುತ್ತದೆ. ಯುವಜನರ ಗುಂಪಿನ ಅಕ್ಕ ಅಣ್ಣಂದಿರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಈ ವಯಸ್ಸಿನವರು ದೊಡ್ಡವರಿಗಿಂತ ಅವರ ಮುಂದೆ ಬೇಗ ಮನಸ್ಸು ಬಿಚ್ಚುತ್ತಾರೆ.

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದ ಲೈನ್ ಮನೆ (ಕಾರ್ಮಿಕರ ಸಾಲುಮನೆ) ಮಕ್ಕಳಿಗೆ ಭಾನುವಾರದ ತರಗತಿ ತಪ್ಪುತ್ತದೆ. ದಯವಿಟ್ಟು ಅವರನ್ನು ಬಿಟ್ಟು ಮುಂದೆ ಹೋಗಬೇಡಿ ಎಂದು ನಿಮ್ಮ ಫಾದರ್‌ಗೂ ಹೇಳಿ.

ಸಾಕ್ಷಿಯಾಗಿ ನಿಲ್ಲುವ ಜ್ಞಾನತಾಯಿ ಅಥವಾ ಜ್ಞಾನತಂದೆ ದೃಢೀಕರಣ ಪಡೆದ ಕಥೋಲಿಕರಾಗಿರಬೇಕು, ಸಾಮಾನ್ಯವಾಗಿ 16 ತುಂಬಿರಬೇಕು. ಹೆತ್ತವರು ನಿಲ್ಲುವಂತಿಲ್ಲ. ಜ್ಞಾನಸ್ನಾನಕ್ಕೆ ನಿಂತವರೇ ಇದಕ್ಕೂ ನಿಂತರೆ ಉತ್ತಮ. ಬೇರೆ ಊರಲ್ಲಿ ಜ್ಞಾನಸ್ನಾನವಾಗಿದ್ದರೆ ಆ ಚರ್ಚಿನಿಂದ ಸರ್ಟಿಫಿಕೇಟ್ ಈಗಲೇ ತರಿಸಿಡಿ.