ತೊಟ್ಟಿಲಿಗೆ ಇಬ್ಬರು, ಮಂಚಕ್ಕೆ ಯಾರೂ ಇಲ್ಲ

(ತಿಪಟೂರು ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಪತ್ರದ ಸಾರ: ಒಂಟಿಯಾಗಿರುವ 72 ವರ್ಷದ ಅಕ್ಕನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿವೆ. ಆಸ್ಪತ್ರೆಯವರು ಒಂಬತ್ತು ದಿನಕ್ಕೆ ಮನೆಗೆ ಕಳಿಸಿದರು. ಮಾಸಾಶನಕ್ಕೆ ಅರ್ಜಿ ಹಾಕಲು ಹೋದರೆ ಅಂಗವಿಕಲರ ಕಾರ್ಡು ತನ್ನಿ ಎಂದರು. ಕಾರ್ಡಿಗೆ ಹೋದರೆ ರೋಗಿಯನ್ನೇ ಕರೆತನ್ನಿ ಎಂದರು. ಇಂಗ್ಲೆಂಡಿನಲ್ಲಿರುವ ಮಗ, ಅಲ್ಲಿ ಆರೋಗ್ಯ ಸೇವೆಯನ್ನೂ ಸಾಮಾಜಿಕ ಆರೈಕೆಯನ್ನೂ ಜೋಡಿಸಿದ್ದಾರೆ ಎನ್ನುತ್ತಾನೆ. ನಮ್ಮಲ್ಲೂ ಇಲಾಖೆಗಳನ್ನು ಒಂದು ಮಾಡಬಾರದೇಕೆ?)

ಮೇಷ್ಟ್ರೇ, ನಮಸ್ಕಾರ.

ಓಮ್ನಿ ವ್ಯಾನಿನ ವಿಷಯ ಬಂದಾಗ ಪತ್ರ ಕೆಳಗಿಟ್ಟುಬಿಟ್ಟೆ. ಜಮಖಾನದ ನಾಲ್ಕು ಮೂಲೆ ಹಿಡಿದು ಅಕ್ಕನನ್ನು ಎತ್ತಿ, ಸೀಟು ಬಿಚ್ಚಿದ ವ್ಯಾನಿನಲ್ಲಿ ಮಲಗಿಸಿ, ಮೂತ್ರದ ಚೀಲ ಹಿಡಿದು ನೀವು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹೋದಿರಿ. ಇಷ್ಟೆಲ್ಲ ಯಾಕೆ? ಎದ್ದು ನಡೆಯಲಾರರು ಎಂದು ತೋರಿಸುವುದಕ್ಕೆ!

ಆದರೂ ಇಲಾಖೆ ಒಂದಾದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ಒಪ್ಪಲಾರೆ. ಇಂಗ್ಲೆಂಡಿನಲ್ಲಿ 1948ರಿಂದಲೂ ಚಿಕಿತ್ಸೆಯ ಖರ್ಚು ಸರ್ಕಾರದ್ದು. ಸ್ನಾನ ಮಾಡಿಸುವುದು, ಉಣ್ಣಿಸುವುದು ಮಾತ್ರ ಸ್ಥಳೀಯ ಕೌನ್ಸಿಲಿನ ಬಾಬತ್ತು, ಅದೂ ಆಸ್ತಿಪಾಸ್ತಿ ನೋಡಿ. ಹೀಗಾಗಿ ಕಾಯಿಲೆ ಗುಣವಾದರೂ ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ಮುದುಕರು ಆಸ್ಪತ್ರೆಯ ಹಾಸಿಗೆಯಲ್ಲೇ ಉಳಿಯುತ್ತಾರೆ. ನಿಮ್ಮ ಮಗ ಹೇಳುವುದು 2022ರ ಜುಲೈಯಲ್ಲಿ ಕಾನೂನಿನ ಬಲ ಪಡೆದ 42 ಜಂಟಿ ವ್ಯವಸ್ಥೆಗಳ ಮಾತಿರಬೇಕು. ಆದರೆ ಪಕ್ಕದ ಉತ್ತರ ಐರ್ಲೆಂಡಿನಲ್ಲಿ ಚಿಕಿತ್ಸೆ, ಆರೈಕೆ ಎರಡನ್ನೂ 1973ರಲ್ಲೇ ಒಂದೇ ಆಡಳಿತಕ್ಕೆ ತಂದರು. ಅಲ್ಲಿ ಈಗಲೂ ತಜ್ಞರನ್ನು ಕಾಣಲು ಜನ ವರ್ಷಗಟ್ಟಲೆ ಕಾಯುತ್ತಾರೆ. ಬೋರ್ಡು ಬದಲಾಯಿಸುವುದು ಸುಲಭದ ಕೆಲಸ, ನಮ್ಮವರಿಗಂತೂ ಬಲು ಪ್ರೀತಿಯ ಕೆಲಸ.

ಇಂಗ್ಲೆಂಡಿನದೇ ಟೋರ್‌ಬೇ ಎಂಬ ಕರಾವಳಿ ಪ್ರದೇಶದವರು ಬೇರೆ ದಾರಿ ಹಿಡಿದರು. 2005ರಲ್ಲಿ ಎರಡು ಸಂಸ್ಥೆ ಸೇರಿಸಿದ್ದು ನಿಜ, ಆದರೆ ಲೆಕ್ಕ ಹಾಕಿದ್ದು 'ಮಿಸೆಸ್ ಸ್ಮಿತ್' ಎಂಬ 85 ವರ್ಷದ ಕಲ್ಪಿತ ಅಜ್ಜಿಯನ್ನು ಎದುರಿಗಿಟ್ಟುಕೊಂಡು. ಈ ಅಜ್ಜಿ ಎಷ್ಟು ಜನಕ್ಕೆ ಫೋನು ಮಾಡಬೇಕು, ಅದೇ ಕಥೆಯನ್ನು ಎಷ್ಟು ಸಲ ಹೇಳಬೇಕು? ಕೊನೆಗೆ ಡಾಕ್ಟರೂ ನರ್ಸೂ ಅಲ್ಲದ ಒಬ್ಬ ಸಂಯೋಜಕರನ್ನು ಇಟ್ಟರು. ಅವರಿಗೊಂದು ಫೋನು ಮಾಡಿದರೆ ಉಳಿದ ಓಡಾಟ ಅವರದು.

ಅಷ್ಟು ದೂರ ಯಾಕೆ, ಕೇರಳದ ಮಲಪ್ಪುರಂಗೆ ಬನ್ನಿ. 1993ರಲ್ಲಿ ಅದರ ಪಕ್ಕದ ಕೋಯಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ನೋವು ಶಮನದ ಕ್ಲಿನಿಕ್ ತೆರೆದರು. ಅದು ಹಳ್ಳಿಗಳಿಗೆ ಹಬ್ಬಿ, ವಾರಕ್ಕೆ ಎರಡು ಗಂಟೆ ಕೊಡುವ ಊರಿನವರ ಕೈಗೆ ಬಂತು. 2008ರಲ್ಲಿ ಕೇರಳ ಸರ್ಕಾರ ಇದಕ್ಕೊಂದು ನೀತಿಯನ್ನೇ ಮಾಡಿ ಪಂಚಾಯಿತಿಗಳಿಗೆ ಹೊಣೆ ವಹಿಸಿತು.

ಕೆಲವು ವರ್ಷದ ಹಿಂದೆ ಮಲಪ್ಪುರಂನ ಇಂಥ ಒಂದು ತಂಡದ ಜೀಪಿನಲ್ಲಿ ಒಂದು ದಿನ ಸುತ್ತಿದ್ದೆ. ಒಂದು ಮನೆಯಲ್ಲಿ ನರ್ಸಮ್ಮ ಅಜ್ಜನನ್ನು ಮಗ್ಗುಲಿಗೆ ಹೊರಳಿಸಿ, ಬೆನ್ನಿನ ಹುಣ್ಣನ್ನು ಉಪ್ಪುನೀರಲ್ಲಿ ತೊಳೆದು, ಎರಡು ಗಂಟೆಗೊಮ್ಮೆ ಹೀಗೆ ಹೊರಳಿಸಬೇಕೆಂದು ಸೊಸೆಯ ಕೈಯಲ್ಲೇ ಮಾಡಿಸಿದರು. ಜೊತೆಗೆ ಬಂದಿದ್ದ ನಿವೃತ್ತ ಗುಮಾಸ್ತರು ಅಷ್ಟರಲ್ಲಿ ಅಡುಗೆಮನೆ ಕಡೆ ಕಣ್ಣು ಹಾಯಿಸಿ ಬಂದರು. ಹೊರಗೆ ಬಂದಮೇಲೆ ಅವರ ನೋಟುಪುಸ್ತಕ ಕೇಳಿ ನೋಡಿದೆ. ಔಷಧದ ಹೆಸರಿನ ಕೆಳಗೇ ಅಕ್ಕಿ, ಚಿಕ್ಕವನ ಸ್ಕೂಲ್ ಬ್ಯಾಗು, ಮಾಸಾಶನದ ಅರ್ಜಿ. ಆರೋಗ್ಯ ಎಲ್ಲಿ ಮುಗಿಯಿತು, ಸಮಾಜ ಕಲ್ಯಾಣ ಎಲ್ಲಿಂದ ಶುರುವಾಯಿತು ಎಂದು ಆ ಪುಟದಲ್ಲಿ ಗೆರೆ ಇರಲಿಲ್ಲ.

ಈ ವಿದ್ಯೆ ನಮಗೂ ಗೊತ್ತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು, ನಮ್ಮ ಟಿ. ನರಸೀಪುರ ಅವುಗಳಲ್ಲೊಂದು. ಇವತ್ತಿಗೂ ಚುಚ್ಚುಮದ್ದಿನ ದಿನ ನಿಮ್ಮೂರ ಅಂಗನವಾಡಿಗೆ ಹೋಗಿ ನೋಡಿ. ತಕ್ಕಡಿ ಒಂದು ಇಲಾಖೆಯದು, ಲಸಿಕೆಯ ಡಬ್ಬಿ ಇನ್ನೊಂದರದು, ಕೂಸು ಮಾತ್ರ ಒಂದೇ. ಅಂಗನವಾಡಿ ಟೀಚರಿಗೂ ಆಶಾ ಕಾರ್ಯಕರ್ತೆಗೂ ಮೇಲಧಿಕಾರಿಗಳು ಬೇರೆ ಬೇರೆ ಎಂದು ಆ ತಾಯಿಗೆ ಗೊತ್ತಾಗುವುದೂ ಇಲ್ಲ. ತೊಟ್ಟಿಲಿಗಾಗಿ ಮಾಡಿದ್ದನ್ನು ಮಂಚಕ್ಕೆ ಮಾಡಲಿಲ್ಲ ಎಂಬುದೇ ನನ್ನ ತಕರಾರು. ಆ ಹೆಣ್ಣುಮಕ್ಕಳ ತಲೆಗೇ ಇದನ್ನೂ ಕಟ್ಟಿ ಎನ್ನುತ್ತಿಲ್ಲ. ಗೌರವಧನದ ಹೆಸರಿನಲ್ಲಿ ಅವರಿಂದ ಈಗಾಗಲೇ ಸಾಕಷ್ಟು ಕೆಲಸ ತೆಗೆಯುತ್ತಿದ್ದೇವೆ.

ಸದ್ಯಕ್ಕೆ ನಿಮ್ಮ ಕೆಲಸದ ಮಾತು. ಅಂಗವಿಕಲರಿಗಾಗಿ ಗ್ರಾಮ ಪಂಚಾಯಿತಿಯಲ್ಲಿ ಪುನರ್ವಸತಿ ಕಾರ್ಯಕರ್ತರೊಬ್ಬರು ಇರುತ್ತಾರೆ, ವಿಆರ್‌ಡಬ್ಲ್ಯೂ ಎಂದು ಕೇಳಿದರೆ ತೋರಿಸುತ್ತಾರೆ. ಕಾರ್ಡು, ಮಾಸಾಶನ ಎರಡರ ದಾರಿಯೂ ಅವರಿಗೆ ಗೊತ್ತಿರಬೇಕು. ಪಂಚಾಯಿತಿ ಅನುದಾನದಲ್ಲಿ ಅಂಗವಿಕಲರಿಗೆಂದು ನೂರಕ್ಕೆ 5 ಪಾಲು ತೆಗೆದಿಡುವ ನಿಯಮವಿದೆ, ಅದು ಯಾವುದಕ್ಕೆ ಖರ್ಚಾಯಿತು ಎಂದು ಗ್ರಾಮಸಭೆಯಲ್ಲಿ ಎದ್ದು ಕೇಳಿ. ಮೇಷ್ಟ್ರು ಕೇಳಿದರೆ ಪಿಡಿಒ ಫೈಲು ತೆಗೆದಾರು. ಹಿರಿಯರ ಸಹಾಯವಾಣಿ 14567 ಕೂಡ ಬರೆದಿಟ್ಟುಕೊಳ್ಳಿ.

ಪತ್ರದ ಅಂಚಿನಲ್ಲಿ, ಅಕ್ಕನ ಸೊಂಟದ ಹತ್ತಿರ ಚರ್ಮ ಕೆಂಪಾಗಿದೆ ಎಂದು ಪೆನ್ಸಿಲಿನಲ್ಲಿ ಬರೆದಿದ್ದೀರಿ. ಅಲ್ಲಿ ಉಜ್ಜಬೇಡಿ, ಆ ಮಗ್ಗುಲಿಗೆ ಭಾರ ಬೀಳದಂತೆ ಹೊರಳಿಸುತ್ತಿರಿ. ಬಣ್ಣ ಕಪ್ಪಗಾಗಿದ್ದರೆ ಅಥವಾ ಚರ್ಮ ಒಡೆದಿದ್ದರೆ ಮುಂದಿನ ಸಂಚಿಕೆಗೆ ಕಾಯಬೇಡಿ, ಇವತ್ತೇ ಡಾಕ್ಟರಿಗೆ ತೋರಿಸಿ.

– ಸಂಪಾದಕ