ಗಿಡ ಆಮೇಲೆ ನೆಡಿ, ಮೊದಲು ಗೊಬ್ಬರದ ತೊಟ್ಟಿ ಕಟ್ಟಿ

ಮಂಗಳೂರಿನ ನಿಮ್ಮ ಬಡಾವಣೆಯ ಮೂಲೆಯಲ್ಲಿ ಹತ್ತು ಸೆಂಟ್ಸ್ ಜಾಗ ಕಸದ ಕೊಂಪೆಯಾಗಿ ಬಿದ್ದಿದೆ, ಅಲ್ಲಿ ಎಲ್ಲರೂ ಸೇರಿ ತರಕಾರಿ ಬೆಳೆಯಬಹುದೇ, ಜನ ಕೈಜೋಡಿಸುತ್ತಾರೆಯೇ ಎಂದು ಕೇಳಿದ್ದೀರಿ. ಬೆಳೆಯಬಹುದು, ಜನರೂ ಬರುತ್ತಾರೆ. ಆದರೆ ಗಿಡ ನೆಡುವ ಕಾರ್ಯಕ್ರಮದಿಂದ ದಯವಿಟ್ಟು ಆರಂಭಿಸಬೇಡಿ. ಬಿಕರ್ನಕಟ್ಟೆಯ ಸಮೀಪ ನಮ್ಮ ಓಣಿಯಲ್ಲಿ ಹಾಗೆ ಆರಂಭಿಸಿ ಒಂದು ವರ್ಷ ಕಳೆದುಕೊಂಡೆವು. ಜೂನ್ ತಿಂಗಳ ಭಾನುವಾರ ಐವತ್ತು ಜನ ಬಂದರು, ಫೋಟೊ ತೆಗೆದರು, ಮಳೆಗೆ ಗಿಡಗಳು ಚಿಗುರಿದವು. ಏಪ್ರಿಲ್ ಹೊತ್ತಿಗೆ ನೀರು ಹಾಕಲು ಉಳಿದವರು ನಾನು ಮತ್ತು ಎದುರು ಮನೆಯ ನಿವೃತ್ತ ಮೇಷ್ಟ್ರು, ಇಬ್ಬರೇ.

ಎರಡನೆಯ ವರ್ಷ ಗಿಡದ ಮಾತೇ ಎತ್ತಲಿಲ್ಲ. ಹಳೆಯ ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ಜೋಡಿಸಿ ಎರಡು ತೊಟ್ಟಿ ಕಟ್ಟಿ, ಮೇಲೆ ತಗಡು ಹೊದಿಸಿ, ಅಡುಗೆಮನೆಯ ಸಿಪ್ಪೆ ತಂದು ಹಾಕಿ ಎಂದಷ್ಟೇ ಮನೆಮನೆಗೆ ಹೇಳಿ ಬಂದೆವು. ಆರು ಮನೆಗಳಿಂದ ಶುರುವಾಯಿತು. ಬಕೆಟ್ ಸುರಿಯಲು ಬಂದವರು ಒಂದು ಗಳಿಗೆ ನಿಂತು ಮಾತನಾಡುತ್ತಾರೆ. ಹತ್ತು ವರ್ಷ ಒಂದೇ ಓಣಿಯಲ್ಲಿದ್ದೂ ಪರಸ್ಪರ ಹೆಸರು ತಿಳಿಯದವರು ಅಲ್ಲಿ ಪರಿಚಯವಾದರು. ಮೂರು ತಿಂಗಳ ನಂತರ ಗೊಬ್ಬರ ಕಪ್ಪಗೆ, ಮಳೆಮಣ್ಣಿನ ವಾಸನೆಯೊಂದಿಗೆ ಹೊರಬಂದಾಗ ಎಲ್ಲರೂ ಅದನ್ನು ಬೊಗಸೆಯಲ್ಲಿ ಹಿಡಿದು ನೋಡಿದರು. ನೆಡಲು ಯಾರನ್ನೂ ಕರೆಯಬೇಕಾಗಲಿಲ್ಲ.

ತೊಟ್ಟಿಯ ಮೇಲೆ ನನಗೆ ಇಷ್ಟು ಹಟ ಇರುವುದಕ್ಕೆ ಇನ್ನೊಂದು ಕಾರಣವಿದೆ. 2019ರ ಆಗಸ್ಟ್ ಮಳೆಯಲ್ಲಿ ಮಂಗಳೂರಿನ ಕಸ ಸುರಿಯುವ ಪಚ್ಚನಾಡಿಯ ಗುಡ್ಡೆ ಜರಿದು ಪಕ್ಕದ ಮಂದಾರ ಎಂಬಲ್ಲಿನ ಮನೆಗಳನ್ನೂ ತೋಟಗಳನ್ನೂ ಮುಚ್ಚಿತು. ತಾವೇ ಬೆಳೆಸಿದ ಮರಗಳನ್ನು ಬಿಟ್ಟು ಜನ ಬೇರೆಡೆಗೆ ಹೋಗಬೇಕಾಯಿತು. ಆ ಗುಡ್ಡೆಯಲ್ಲಿ ನಮ್ಮೆಲ್ಲರ ಅಡುಗೆಮನೆಯ ಪಾಲಿತ್ತು ಎಂಬುದು ನನ್ನ ಮನಸ್ಸಿನಿಂದ ಹೋಗಿಲ್ಲ.

ವಾಸನೆಯ ದೂರು ಬಂದರೆ ಯೋಜನೆಯೇ ನಿಲ್ಲುತ್ತದೆ, ಆದ್ದರಿಂದ ಇದನ್ನು ಗಮನವಿಟ್ಟು ಮಾಡಿ. ಒಂದು ಬಕೆಟ್ ಹಸಿ ಕಸಕ್ಕೆ ಎರಡು ಮೂರು ಬಕೆಟ್ ತರಗೆಲೆ ಬೇಕು. ನಮ್ಮ ಕಡೆ ಮಳೆ ಹಿಡಿದರೆ ಒಣಗಿದ ಎಲೆ ಎಲ್ಲಿಯೂ ಸಿಗುವುದಿಲ್ಲ. ಬೇಸಿಗೆಯಲ್ಲೇ ಗೋಣಿಗಳಲ್ಲಿ ತುಂಬಿ ಒಳಗಿಡಬೇಕು. ನಾವು ಮೊದಲ ಮಳೆಗಾಲಕ್ಕೆ ಎಂಟೇ ಗೋಣಿ ಇಟ್ಟುಕೊಂಡು ಜುಲೈಯಲ್ಲಿ ಪರದಾಡಿದೆವು, ಕೊನೆಗೆ ತೆಂಗಿನ ನಾರಿನ ಪುಡಿ ಕೊಂಡು ತಂದೆವು.

ಮೀನಿನ ವಿಷಯವನ್ನು ಮೊದಲೇ ಮಾತನಾಡಿ ಮುಗಿಸಿ. ನಮ್ಮ ಓಣಿಯಲ್ಲಿ ಮೀನು ತಿನ್ನುವವರೂ ತಿನ್ನದವರೂ ಇದ್ದೇವೆ. ಒಮ್ಮೆ ತೊಟ್ಟಿಗೆ ಬಂಗುಡೆಯ ತಲೆ ಬಿದ್ದು, ನಾಯಿಗಳು ಎಲ್ಲವನ್ನೂ ರಸ್ತೆಗೆ ಎಳೆದು, ನಾಲ್ಕು ಮನೆಯವರು ಬರುವುದನ್ನೇ ನಿಲ್ಲಿಸಿದರು. ಅವರ ಮನೆಗೆ ಹೋಗಿ ಕುಳಿತು ಮಾತನಾಡಿದೆವು. ಈಗ ಮೀನಿನ ಕಸ ತೊಟ್ಟಿಗೆ ಬೀಳುವುದಿಲ್ಲ, ಜಾಗದ ಹಿಂಬದಿಯ ಎರಡು ತೆಂಗಿನ ಬುಡದಲ್ಲಿ ಒಂದೂವರೆ ಅಡಿ ಆಳಕ್ಕೆ ಹೂತು ಮಣ್ಣು ಮುಚ್ಚುತ್ತೇವೆ. ನಮ್ಮ ಅಜ್ಜಿಯಂದಿರು ಮಾಡುತ್ತಿದ್ದುದೂ ಇದನ್ನೇ. ಆ ನಾಲ್ಕು ಮನೆಯವರು ಮರಳಿ ಬಂದರು.

ಜಾಗ ಯಾರದೆಂದು ನೋಡಿಕೊಳ್ಳಿ. ಖಾಸಗಿಯಾಗಿದ್ದರೆ ಮಾಲೀಕರಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ, ಮರ ನೆಡಬೇಡಿ. ಉದ್ಯಾನಕ್ಕೆಂದು ಬಿಟ್ಟ ಜಾಗವಾಗಿದ್ದರೆ ಪಾಲಿಕೆಗೆ ಅರ್ಜಿ ಕೊಡಿ. ಅಂಥ ಜಾಗಗಳ ರಕ್ಷಣೆಗೆ 1985ರ ಕರ್ನಾಟಕದ ಕಾಯ್ದೆಯೇ ಇದೆ.

ನಮ್ಮ ಮುರಕಲ್ಲು ಮಣ್ಣಿಗೆ ಹುಳಿ ಹೆಚ್ಚು, ಹಿಡಿ ಹಿಡಿ ಬೂದಿ ಬೇಕೇ ಬೇಕು. ಬಚ್ಚಲೊಲೆ ಉಳಿಸಿಕೊಂಡಿರುವ ಮನೆ ಓಣಿಯಲ್ಲಿ ಒಂದಾದರೂ ಇದ್ದರೆ ನಿಮ್ಮ ಅದೃಷ್ಟ. ಮೊದಲ ಮಳೆಗೆ ಚಪ್ಪರ ಹಾಕಿ ಮುಳ್ಳುಸೌತೆ, ಹೀರೆ, ಹಾಗಲ ಹಬ್ಬಿಸಿ, ಚೌತಿಯ ಹೊತ್ತಿಗೆ ಕೊಯ್ಯಬಹುದು. ಮಿಡಿಯಾದ ಕೂಡಲೇ ಕಾಗದದ ಪೊಟ್ಟಣ ಕಟ್ಟದಿದ್ದರೆ ಹಣ್ಣುನೊಣ ಚುಚ್ಚುತ್ತದೆ. ಈ ಕೆಲಸ ಮಕ್ಕಳಿಗೆ ಕೊಡಿ, ಎಷ್ಟು ಪ್ರೀತಿಯಿಂದ ಮಾಡುತ್ತಾರೆಂದು ನೋಡಿ. ಮಳೆ ಬಿಟ್ಟ ಮೇಲೆ ಹರಿವೆ, ಅಲಸಂಡೆ, ಬೆಂಡೆ. ಉಡುಪಿ ಬಳಿಯ ಮಟ್ಟು ಊರಿನ ಬದನೆ ಮಟ್ಟುಗುಳ್ಳವನ್ನೂ ನೆಟ್ಟೆವು, ಕಾಯಿ ಚೆನ್ನಾಗಿ ಬಂದರೂ ಮಟ್ಟುವಿನ ಕಡಲ ಬದಿಯ ಮಣ್ಣಿನ ಆ ರುಚಿ ಬರಲಿಲ್ಲ. ಬೇಸಿಗೆಯ ನೀರಿಗೆ ಪಾಲಿಕೆಯ ನಲ್ಲಿಯನ್ನು ನಂಬಬೇಡಿ. ನಗರಕ್ಕೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ನೀರು ತಗ್ಗಿದ ವರ್ಷಗಳಲ್ಲಿ ಕುಡಿಯುವುದಕ್ಕೇ ಸರದಿ ಬರುತ್ತದೆ. ಬಾವಿ ಇರುವ ಮನೆಯವರನ್ನು ಮೊದಲೇ ಒಪ್ಪಿಸಿಕೊಳ್ಳಿ, ಸಾಲುಗಳಲ್ಲಿ ತೆಂಗಿನ ಸಿಪ್ಪೆ ಹೂಳಿ, ಯಾವ ವಾರ ಯಾರದು ಎಂದು ಫೆಬ್ರವರಿಯಲ್ಲೇ ಬರೆದಿಡಿ.

ಕೊಯ್ಲಿನ ಹಂಚಿಕೆ ನಮಗೆ ತುಂಬ ನೋವು ಕೊಟ್ಟಿತು. ಭಾನುವಾರ ಕೊಯ್ಯಬೇಕೆಂದಿದ್ದ ಹರಿವೆಯನ್ನು ಶನಿವಾರ ರಾತ್ರಿ ಯಾರೋ ಪೂರ್ತಿ ಕಿತ್ತುಕೊಂಡು ಹೋದರು. ಬೇಲಿ ಎತ್ತರಿಸಬೇಕು, ಬೀಗ ಹಾಕಬೇಕು ಎಂದು ಬಹಳ ಮಂದಿ ಹೇಳಿದರು. ಮೇಷ್ಟ್ರು ಒಪ್ಪಲಿಲ್ಲ. ರಸ್ತೆ ಬದಿಯ ಬೇಲಿಯುದ್ದಕ್ಕೂ ಬಸಳೆ ಹಬ್ಬಿಸಿ, 'ಬೇಕಾದವರು ಕೊಯ್ದುಕೊಳ್ಳಿ, ಬುಡ ಕೀಳಬೇಡಿ' ಎಂದು ಹಲಗೆ ಬರೆಸಿದರು. ಆಮೇಲೆ ಒಳಗಿನ ಸಾಲುಗಳಿಗೆ ಯಾರೂ ಕೈ ಹಾಕಿಲ್ಲ. ಬೇಲಿಯ ಬಸಳೆ ಕೊಯ್ಯಲು ಬರುತ್ತಿದ್ದ, ಪಕ್ಕದ ಕಟ್ಟಡದಲ್ಲಿ ಕೆಲಸಕ್ಕಿರುವ ಅಕ್ಕ ಒಬ್ಬರು ಈಗ ಮಂಗಳವಾರದ ನೀರಿನ ಸರದಿ ತೆಗೆದುಕೊಂಡಿದ್ದಾರೆ.

ಈಗ ಎಲೆ ಉದುರುವ ಕಾಲ. ಈ ವಾರವೇ ಇಪ್ಪತ್ತು ಗೋಣಿ ತರಗೆಲೆ ತುಂಬಿಸಿ. ಬಸಳೆಯ ದಂಟು ಸಿಗದಿದ್ದರೆ ಕೆಳಗೆ ಬರೆಯಿರಿ, ನಮ್ಮ ಬೇಲಿಯದನ್ನೇ ಕೊಡುತ್ತೇನೆ. ಒಂದಡಿ ಉದ್ದದ ತುಂಡು, ಎರಡು ಗಿಣ್ಣು ಮಣ್ಣಿನೊಳಗೆ ಇಳಿದರೆ ಬೇರು ಬಿಡುತ್ತದೆ.